ರಸ್ತೆ ಬದಿಯ ಹಳದಿ ಹೂ: ಸಬ್ಬಸಿಗೆ ಹೂವಿನ ತರಾನೇ ಇದೆ, ಯಾವ ಗಿಡ ಇದು?

ಸೊಪ್ಪುಸಾರು | ಮೇ 22, ಸಂಜೆ

ಎಲ್ಲರಿಗೂ ನಮಸ್ಕಾರ. ನಾವಿರೋದು ಶಿಕಾಗೋದ ಪಶ್ಚಿಮಕ್ಕೆ, ಇಲಿನಾಯ್ಸ್ ಪ್ರೈರಿ ಪಾತ್ ಅನ್ನೋ ನಡಿಗೆ ದಾರಿಗೆ ಹತ್ತಿರ. ಅಮ್ಮ ಹಾಸನದಿಂದ ಬಂದು ಮೂರು ವಾರ ಆಯ್ತು. ದಿನಾ ಸಂಜೆ ಇಬ್ಬರೂ ಆ ದಾರಿಯಲ್ಲಿ ನಡೆಯುತ್ತೇವೆ. ದಾರಿ ಬದಿಯಲ್ಲಿ ಒಂದು ತಗ್ಗಿನ ಕಾಲುವೆ ಇದೆ, ಮಳೆ ಬಂದರೆ ನೀರು ನಿಲ್ಲುತ್ತದೆ. ಅದರ ದಂಡೆಯ ಹುಲ್ಲಿನಲ್ಲಿ ಈಗ ಹಳದಿ ಹೂ ತುಂಬಿಕೊಂಡಿದೆ.

ಅಮ್ಮ ದೂರದಿಂದ ನೋಡಿದ ಕೂಡಲೇ "ಸಬ್ಬಸಿಗೆ ಹೂ ಬಿಟ್ಟಿದೆ ಕಣೆ" ಅಂದರು. ಹತ್ತಿರ ಹೋದರೆ ಎಲೆ ಸಬ್ಬಸಿಗೆಯದ್ದಲ್ಲ. ಸಬ್ಬಸಿಗೆ ಎಲೆ ದಾರದ ತರ ಇರುತ್ತೆ ಅಲ್ವಾ, ಇದು ಅಗಲ, ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು. ಆದರೆ ಹೂ ಮಾತ್ರ ಅದೇ. ಕೊಡೆ ಕಡ್ಡಿಗಳ ತರ ಹರಡಿ, ತುದಿಗೆ ಚುಕ್ಕಿ ಚುಕ್ಕಿ ಹಳದಿ. ಅಮ್ಮ ನಾಲ್ಕು ಕಡ್ಡಿ ಮುರಿದು ಕೈಯಲ್ಲೇ ಹಿಡಿದು ಮನೆಗೆ ತಂದಿದ್ದಾರೆ. "ಇಲ್ಲಿಯ ಸಬ್ಬಸಿಗೆ ಜಾತಿ ಇರಬೇಕು, ನಾಳೆ ಅಕ್ಕಿರೊಟ್ಟಿಗೆ ಹಾಕೋಣ" ಅಂತಿದ್ದಾರೆ. ಫೋಟೋ ಹಾಕಿದ್ದೇನೆ. ಏನು ಗಿಡ ಇದು? ತಿನ್ನಬಹುದಾ?

ಹುಲ್ಲುಗಾವಲು | ಮೇ 22, ಸಂಜೆ

ಮೊದಲು ಒಂದು ಮಾತು, ಉಳಿದದ್ದೆಲ್ಲ ಆಮೇಲೆ. ದಯವಿಟ್ಟು ತಿನ್ನಬೇಡಿ. ರೊಟ್ಟಿಗೂ ಬೇಡ, ಸಾರಿಗೂ ಬೇಡ, ಸುಮ್ನೆ ಬಾಯಿಗಿಟ್ಟು ರುಚಿ ನೋಡೋದೂ ಬೇಡ.

ಇದು ಕೊತ್ತಂಬರಿ, ಜೀರಿಗೆ, ಸಬ್ಬಸಿಗೆ, ಕ್ಯಾರೆಟ್ಟಿನ ಕುಟುಂಬದ ಗಿಡ, ಅಷ್ಟು ಖಚಿತ. ಅಮ್ಮನ ಕಣ್ಣು ತಪ್ಪಿಲ್ಲ. ಆದರೆ ಅಡುಗೆಮನೆಗೆ ಇಷ್ಟೊಂದು ಕೊಟ್ಟ ಅದೇ ಕುಟುಂಬದಲ್ಲಿ ಕೊಲ್ಲುವ ವಿಷವೂ ಇದೆ. ಸಾಕ್ರಟಿಸ್‌ಗೆ ಕುಡಿಸಿದ ಹೆಮ್ಲಾಕ್ ಇದೇ ಬಳಗದ್ದು. ವಾಟರ್ ಹೆಮ್ಲಾಕ್ ಅಂತ ಇನ್ನೊಂದಿದೆ. ಉತ್ತರ ಅಮೆರಿಕದ ಅತ್ಯಂತ ವಿಷದ ಗಿಡಗಳಲ್ಲಿ ಅದೂ ಒಂದು. ಅದು ಬೆಳೆಯೋದು ನೀವು ಹೇಳಿದಂಥ ನೀರು ನಿಲ್ಲುವ ಜಾಗದಲ್ಲೇ. ಅವೆರಡರ ಹೂ ಬಿಳಿ, ನಿಮ್ಮದು ಹಳದಿ, ಹಾಗಾಗಿ ನಿಮ್ಮದು ಅವಲ್ಲ. ಆದರೂ ಈ ಕುಟುಂಬದ ಕಾಡುಗಿಡವನ್ನು ಹೂ ಒಂದನ್ನೇ ನೋಡಿ ಬಾಣಲೆಗೆ ಹಾಕುವ ಅಭ್ಯಾಸ ಒಳ್ಳೇದಲ್ಲ.

ಗಿಡದ ಹೆಸರು ಹೇಳೋಕೆ ಈ ಫೋಟೋ ಸಾಲದು. ಕಾಂಡ ಕಾಣಿಸುತ್ತಿಲ್ಲ. ಬುಡದ ಎಲೆ ಕಾಣಿಸುತ್ತಿಲ್ಲ.

ಕೆಂಪುಮಣ್ಣು | ಮೇ 22, ರಾತ್ರಿ

ನನಗೇನೋ ಇದು ಕಾಡು ಸಾಸಿವೆ ಅನ್ನಿಸುತ್ತೆ. ನಾವು ಇಂಡಿಯಾನಾದಲ್ಲಿದ್ದೇವೆ, ಈ ತಿಂಗಳಿಡೀ ಹೈವೇ ಪಕ್ಕ ಹಳದಿಯೋ ಹಳದಿ. ಯೆಲ್ಲೋ ರಾಕೆಟ್ ಅಂತಾರಂತೆ.

ಹುಲ್ಲುಗಾವಲು | ಮೇ 22, ರಾತ್ರಿ

ಕಾರಿನಿಂದ ನೋಡಿದರೆ ಹಾಗೇ ಕಾಣುತ್ತೆ. ಯೆಲ್ಲೋ ರಾಕೆಟ್ ಈ ಕಡೆಯೂ ಇದೇ ಹೊತ್ತಿಗೆ ಅರಳುತ್ತೆ. ಆದರೆ ಸಾಸಿವೆ ಜಾತಿಯ ಹೂವಿಗೆ ನಾಲ್ಕು ಎಸಳು, ಕೂಡುವ ಗುರುತಿನ ಹಾಗೆ ಅಡ್ಡಡ್ಡ. ಒಂದು ದಂಟಿನ ಸುತ್ತ ಮೇಲಕ್ಕೆ ಏರುತ್ತಾ ಹೋಗುತ್ತೆ. ಇವರ ಫೋಟೋದಲ್ಲಿ ಎಲ್ಲ ಕಡ್ಡಿಗಳೂ ಒಂದೇ ಬಿಂದುವಿನಿಂದ ಹೊರಟಿವೆ, ಕೊಡೆ ಬಿಚ್ಚಿದ ಹಾಗೆ. ಪ್ರತಿ ಕಡ್ಡಿಯ ತುದಿಯಲ್ಲಿ ಮತ್ತೊಂದು ಪುಟ್ಟ ಕೊಡೆ. ಸಾಸಿವೆ ಅಲ್ಲ.

ಹಿತ್ತಲಗಿಡ | ಮೇ 22, ರಾತ್ರಿ

ಸೊಪ್ಪುಸಾರು ಅವರೇ, ಅಮ್ಮ ಬರಿಗೈಲಿ ಮುರಿದರಾ? ಈಗಲೇ ಸೋಪು ಹಾಕಿ ಕೈ ತೊಳೆಸಿ. ಮೊಣಕೈವರೆಗೂ ತೊಳೆಸಿ. ನಾಳೆ, ನಾಡಿದ್ದು ಕೈಗೆ ಬಿಸಿಲು ಬೀಳದ ಹಾಗೆ ನೋಡಿಕೊಳ್ಳಿ. ಹೆದರಿಸಬೇಕು ಅಂತಲ್ಲ, ನಾನು ಅನುಭವಿಸಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ.

ನಾವು ವಿಸ್ಕಾನ್ಸಿನ್‌ನಲ್ಲಿದ್ದೇವೆ. ಹೋದ ವರ್ಷ ಜುಲೈನಲ್ಲಿ ಮನೆ ಹಿಂದಿನ ಬೇಲಿ ಪಕ್ಕ ಎದೆಮಟ್ಟ ಬೆಳೆದಿದ್ದ ಹಳದಿ ಹೂವಿನ ಕಳೆಯನ್ನು ಸ್ಟ್ರಿಂಗ್ ಟ್ರಿಮ್ಮರ್ ಹಿಡಿದು ಹೊಡೆದೆ. ಮಧ್ಯಾಹ್ನದ ಬಿಸಿಲು, ಅರ್ಧ ತೋಳಿನ ಅಂಗಿ, ಚಡ್ಡಿ. ಸೊನೆಯೆಲ್ಲ ಕೈಕಾಲಿಗೆ ಹಾರಿತ್ತು. ಆವತ್ತು ಏನೂ ಆಗಲಿಲ್ಲ. ಮಾರನೇ ದಿನ ಸಂಜೆ ಉರಿ ಶುರುವಾಯ್ತು, ಅದರ ಮರುದಿನ ಬೆಳಗ್ಗೆ ನೀರುಗುಳ್ಳೆ. ಬಿಸಿ ಎಣ್ಣೆ ಸಿಡಿದ ಹಾಗೆ ಚುಕ್ಕೆ ಚುಕ್ಕೆ, ಗೆರೆ ಗೆರೆ. ಆಸ್ಪತ್ರೆಯಲ್ಲಿ ಪಾಯಿಸನ್ ಐವಿ (ಮುಟ್ಟಿದರೆ ಮೈಗೆ ತುರಿ, ಗುಳ್ಳೆ ಬರುವ ಬಳ್ಳಿ) ಅಂದು ಅದಕ್ಕೆ ಮುಲಾಮು ಕೊಟ್ಟು ಕಳಿಸಿದರು. ಎರಡನೇ ಸಲ ಹೋದಾಗಲೇ ಗೊತ್ತಾಗಿದ್ದು, ಅದು ವೈಲ್ಡ್ ಪಾರ್ಸ್ನಿಪ್. ಬಲಗಾಲ ಮೇಲೆ ಇನ್ನೂ ಕಂದು ಕಲೆ ಇದೆ, ಹತ್ತು ತಿಂಗಳಾಯ್ತು.

ನಿಮ್ಮ ಫೋಟೋದ ಹೂ ನೋಡಿದಾಗ ಅದೇ ನೆನಪಾಯ್ತು.

ಸೊಪ್ಪುಸಾರು | ಮೇ 22, ರಾತ್ರಿ

ತೊಳೆಸಿದೆ, ಎರಡು ಸಲ. ಹೂವನ್ನು ಒಂದು ಕವರಿನೊಳಗೆ ಹಾಕಿ ಗರಾಜಿನಲ್ಲಿ ಇಟ್ಟಿದ್ದೇನೆ. ಅಮ್ಮನಿಗೆ ಎಪ್ಪತ್ತೊಂದು, ಸಕ್ಕರೆ ಕಾಯಿಲೆ ಬೇರೆ ಇದೆ. ಗುಳ್ಳೆ ಎದ್ದರೆ ಏನು ಗತಿ ಅಂತ ಭಯ ಆಗ್ತಿದೆ. ಅವರು ಮಾತ್ರ ಆರಾಮಾಗಿ ಕೂತು, "ನಲವತ್ತು ವರ್ಷ ಹೊಲದಲ್ಲಿ ಕಳೆ ಕಿತ್ತಿದ್ದೀನಿ, ನನಗೇನಾಗುತ್ತೆ" ಅಂತಿದ್ದಾರೆ.

ಹುಲ್ಲುಗಾವಲು | ಮೇ 23, ಬೆಳಗ್ಗೆ

ಕೈ ತೊಳೆಸಿದ್ದು ಸರಿ, ಬಿಸಿಲಿಗೆ ಬಿಡದೆ ಇರೋದೂ ಸರಿ. ಆದರೆ ನನಗೆ ಇದು ಪಾರ್ಸ್ನಿಪ್ ಅನ್ನಿಸುತ್ತಿಲ್ಲ. ನಾನು ಎಂಟು ವರ್ಷದಿಂದ ವಾರಾಂತ್ಯದಲ್ಲಿ ಪ್ರೈರಿಯ, ಅಂದರೆ ಇಲ್ಲಿಯ ಮೂಲ ಹುಲ್ಲುಗಾವಲಿನ, ಕಳೆ ಕೀಳುವ ಗುಂಪಿನ ಜೊತೆ ಕೆಲಸ ಮಾಡುತ್ತೇನೆ. ಅಲ್ಲಿ ಹೊಸಬರು ಬಂದಾಗ ಮೊದಲು ಹೇಳಿಕೊಡೋದು ಪಾರ್ಸ್ನಿಪ್‌ಗೂ ಅದನ್ನೇ ಹೋಲುವ ಇನ್ನೊಂದು ಗಿಡಕ್ಕೂ ಇರುವ ವ್ಯತ್ಯಾಸ. ಯಾಕೆ ಅಂದರೆ ಪಾರ್ಸ್ನಿಪ್ ಅಂದುಕೊಂಡು ಒಳ್ಳೆಯ ಗಿಡವನ್ನೇ ಕಿತ್ತುಬಿಡುತ್ತಾರೆ. ನಾನೂ ಮೊದಲ ವರ್ಷ ಒಂದು ಮೂಟೆ ಕಿತ್ತಿದ್ದೆ. ಈಗಲೂ ನೆನೆಸಿಕೊಂಡರೆ ಸಂಕಟ ಆಗುತ್ತೆ.

ನಾಲ್ಕು ವಿಷಯ ನೋಡಿಕೊಂಡು ಬಂದು ಹೇಳಿ. ಮುಟ್ಟೋದು ಬೇಡ, ಅಥವಾ ಕೈಗವಸು ಹಾಕಿಕೊಳ್ಳಿ.

ಎತ್ತರ ಎಷ್ಟು? ಪಾರ್ಸ್ನಿಪ್ ನಾಲ್ಕು ಐದು ಅಡಿಗೆ ಹೋಗುತ್ತೆ, ಮನುಷ್ಯನ ಎದೆಗೆ ಬರುತ್ತೆ. ನನ್ನ ಮನಸ್ಸಲ್ಲಿರುವ ಗಿಡ ಒಂದರಿಂದ ಮೂರು ಅಡಿ, ಮಂಡಿ ದಾಟಿದರೆ ಜಾಸ್ತಿ.

ಕಾಂಡ ಹೇಗಿದೆ? ಪಾರ್ಸ್ನಿಪ್ ಕಾಂಡ ದಪ್ಪ, ಉದ್ದಕ್ಕೂ ಆಳವಾದ ಗೆರೆ, ಒಳಗೆ ಟೊಳ್ಳು. ಇನ್ನೊಂದರದ್ದು ಸಣ್ಣ, ನುಣುಪು, ಕೆಲವೊಮ್ಮೆ ಕೆಂಪು ಛಾಯೆ.

ಎಲೆ. ಇದನ್ನು ನಮ್ಮವರಿಗೆ ಹೇಳೋದು ಸುಲಭ. ಪಾರ್ಸ್ನಿಪ್ ಎಲೆ ಕರಿಬೇವಿನ ಎಲೆ ತರ. ಒಂದು ಉದ್ದ ಕಡ್ಡಿ, ಎರಡೂ ಪಕ್ಕ ಜೋಡಿ ಜೋಡಿ, ತುದಿಗೆ ಒಂದು. ಒಟ್ಟು ಐದರಿಂದ ಹದಿನೈದು. ಇನ್ನೊಂದರದ್ದು ಬಿಲ್ವಪತ್ರೆ ತರ, ಮೂರು. ಬುಡದ ಎಲೆ ಆದರೆ ಮೂರು ಮೂರಾಗಿ ಮತ್ತೆ ಮೂರು. ನಾನು ಎಷ್ಟೋ ಜನಕ್ಕೆ ಎಷ್ಟೋ ತರ ಹೇಳಿಕೊಟ್ಟಿದ್ದೇನೆ, ಕರಿಬೇವಾ ಬಿಲ್ವವಾ ಅಂತ ಕೇಳಿದಷ್ಟು ಬೇಗ ಯಾವುದೂ ಅರ್ಥ ಆಗೋದಿಲ್ಲ.

ಕೊನೆಯದು ಸಣ್ಣ ವಿಷಯ, ಆದರೆ ಅದೇ ಮುಖ್ಯ. ಒಂದು ಪುಟ್ಟ ಕೊಡೆಯನ್ನು ತೆಗೆದುಕೊಂಡು ಸರಿಯಾಗಿ ನಡುವಿನ ಹೂ ನೋಡಿ. ಅದಕ್ಕೆ ತೊಟ್ಟು ಇದೆಯಾ, ಇಲ್ವಾ?

ಇನ್ನೊಂದು ಸುಳಿವು ತಾರೀಕಿನಲ್ಲೇ ಇದೆ. ಇನ್ನೂ ಮೇ. ನಮ್ಮ ಕಡೆ ಪಾರ್ಸ್ನಿಪ್ ಜೋರಾಗಿ ಅರಳೋದು ಜೂನ್ ಮಧ್ಯದಿಂದ ಜುಲೈ.

ನಿವೃತ್ತಮೇಷ್ಟ್ರು | ಮೇ 23, ಮಧ್ಯಾಹ್ನ

ಶಿವಮೊಗ್ಗದಿಂದ ಓದುತ್ತಿದ್ದೇನೆ. ಮೂವತ್ತು ವರ್ಷ ಪಿಯು ಮಕ್ಕಳಿಗೆ ಸಸ್ಯಶಾಸ್ತ್ರ ಹೇಳಿದವನು. ಈ ಕುಟುಂಬದ ಹಳೆಯ ಹೆಸರೇ ಅಂಬೆಲಿಫೆರೆ, ಅಂದರೆ ಕೊಡೆ ಹೊತ್ತ ಗಿಡಗಳು. ಈಗ ಏಪಿಯೇಸೀ ಅನ್ನುತ್ತಾರೆ. ನಾನು ಪಾಠಕ್ಕೆ ಕೊತ್ತಂಬರಿ ಹೂವನ್ನೇ ತರಿಸುತ್ತಿದ್ದೆ. ಓಂಕಾಳು, ಸೋಂಪು, ಒಂದೆಲಗ ಎಲ್ಲ ಇದರಲ್ಲೇ ಬರುತ್ತವೆ.

ಸುಡುವ ವಿಷಯ ಬಂತಲ್ಲ, ಅದಕ್ಕೊಂದು ನಂಟು ಹೇಳುತ್ತೇನೆ. ಪಾರ್ಸ್ನಿಪ್ ಸೊನೆಯಲ್ಲಿರೋದು ಸೊರಾಲೆನ್ ಗುಂಪಿನ ವಸ್ತು. ಆ ಹೆಸರು ಬಂದಿರೋದು ಸೊರಾಲಿಯ ಅನ್ನುವ ಗಿಡದ ಹೆಸರಿನಿಂದ, ಅಂದರೆ ನಮ್ಮ ಬಾವಂಚಿ. ತೊನ್ನಿಗೆ ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರಿಸುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ವಸ್ತು ಚರ್ಮದ ಮೇಲೆ, ಆಮೇಲೆ ಬಿಸಿಲು. ಎರಡೂ ಸೇರಿದಾಗ ಮಾತ್ರ ಚರ್ಮ ಬಣ್ಣ ತಿರುಗುತ್ತದೆ, ಹೆಚ್ಚಾದರೆ ಸುಡುತ್ತದೆ. ಸೊನೆ ತಾಗಿದರೂ ಬಿಸಿಲು ತಾಗದಿದ್ದರೆ ಗುಳ್ಳೆ ಏಳುವುದಿಲ್ಲ. ನಿಂಬೆರಸ ಕೈಗೆ ಮೆತ್ತಿಕೊಂಡು ಬಿಸಿಲಲ್ಲಿ ಕೂತರೂ ಕೆಲವರಿಗೆ ಹೀಗೆ ಕಲೆ ಆಗುತ್ತದೆ, ಕಾರಣ ಅದೇ.

ಪಾಯಿಸನ್ ಐವಿಯ ದಾರಿ ಬೇರೆ. ಅದು ಅಲರ್ಜಿ, ಬಿಸಿಲಿಗೂ ಅದಕ್ಕೂ ಸಂಬಂಧವಿಲ್ಲ. ಅದು ನಮ್ಮ ಗೇರು, ಮಾವಿನ ಕುಟುಂಬದ್ದು. ಮಾವಿನ ಸೊನೆ ತಾಗಿ ತುಟಿ ಊದಿಕೊಂಡವರಿಗೆ ಗೊತ್ತು ಅದು ಹೇಗೆ ಅಂತ.

ಹಿತ್ತಲಗಿಡ | ಮೇ 23, ಮಧ್ಯಾಹ್ನ

ಮೇಷ್ಟ್ರೇ, ಹತ್ತು ತಿಂಗಳಲ್ಲಿ ಯಾರೂ ನನಗೆ ಇಷ್ಟು ಬಿಡಿಸಿ ಹೇಳಿರಲಿಲ್ಲ. ಸಂಜೆ ಸೂರ್ಯ ಮುಳುಗಿದ ಮೇಲೆ ಕಳೆ ಹೊಡೆದಿದ್ದರೆ, ಹೊಡೆದು ಸ್ನಾನ ಮಾಡಿದ್ದರೆ ಕಾಲು ಉಳೀತಿತ್ತು.

ಸೊಪ್ಪುಸಾರು | ಮೇ 24, ರಾತ್ರಿ

ಎರಡು ದಿನ ಆಯ್ತು, ಅಮ್ಮನ ಕೈಗೆ ಏನೂ ಆಗಿಲ್ಲ. ಬೆರಳು ಬೆರಳು ನೋಡಿದೆ. ಒಂದು ಚುಕ್ಕೆಯೂ ಇಲ್ಲ.

ಇವತ್ತು ಇಬ್ಬರೂ ತುಂಬುತೋಳು ಹಾಕಿಕೊಂಡು, ಕೈಗವಸು, ಒಂದು ಅಳತೆಪಟ್ಟಿ, ಒಂದು ಬಿಳಿ ಹಾಳೆ ಹಿಡಿದುಕೊಂಡು ಹೋದೆವು.

ಎತ್ತರ ಇಪ್ಪತ್ತೆರಡು ಇಂಚು. ಪಕ್ಕದ್ದು ಇಪ್ಪತ್ತೈದು. ಮಂಡಿಗಿಂತ ಸ್ವಲ್ಪ ಮೇಲೆ.

ಕಾಂಡ ನುಣುಪು. ಪೆನ್ಸಿಲ್‌ಗಿಂತ ಸಣ್ಣ. ಬುಡದಲ್ಲಿ ಸ್ವಲ್ಪ ಕೆಂಪು.

ಎಲೆಗೆ ಅಮ್ಮ ತಕ್ಷಣ "ಬಿಲ್ವ" ಅಂದರು. ಮೇಲಿನ ಎಲೆ ಮೂರೇ. ಬುಡದ್ದಕ್ಕೆ ಉದ್ದ ತೊಟ್ಟು, ತುದಿಯಲ್ಲಿ ಮೂರು ಕವಲು, ಪ್ರತಿ ಕವಲಿಗೂ ಮೂರು ಎಲೆ. ಅಂಚಿನ ಹಲ್ಲು ಎಷ್ಟು ಸಣ್ಣ ಅಂದರೆ ಬೆರಳು ಎಳೆದರೆ ಗರಗಸದ ಬ್ಲೇಡಿನ ಹಾಗೆ ಅನ್ನಿಸುತ್ತೆ.

ಆಮೇಲೆ ಹೂ. ನಾನು ಫೋನಿನಲ್ಲಿ ದೊಡ್ಡದು ಮಾಡಿ ನೋಡುತ್ತಾ ನಿಂತಿದ್ದೆ, ಏನೂ ತಿಳೀಲಿಲ್ಲ. ಎಲ್ಲ ಒಟ್ಟೊಟ್ಟಿಗೆ ಇತ್ತು. ಅಮ್ಮ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು, ಬಿಳಿ ಹಾಳೆ ತೊಡೆಯ ಮೇಲಿಟ್ಟುಕೊಂಡು ಒಂದು ಪುಟ್ಟ ಕೊಡೆಯನ್ನು ಮಗುಚಿ ಹಿಡಿದರು. ಅಂಚಿನಿಂದ ಒಂದೊಂದೇ ಹೂವನ್ನು ತೊಟ್ಟಿನ ಸಮೇತ ಉಗುರಿನಿಂದ ಚಿವುಟಿ ಹಾಳೆಯ ಮೇಲೆ ಸಾಲಾಗಿ ಇಟ್ಟರು. ಮಲ್ಲಿಗೆ ಕಟ್ಟೋಕೆ ಮೊದಲು ಮೊಗ್ಗು ಜೋಡಿಸಿಕೊಳ್ಳುತ್ತಾರಲ್ಲ, ಹಾಗೆ. ಒಟ್ಟು ಹತ್ತೊಂಬತ್ತು ಹೂ. ಒಂದೊಂದೂ ರಾಗಿಕಾಳಿಗಿಂತ ಸ್ವಲ್ಪ ದೊಡ್ಡದು, ಐದು ಎಸಳು, ತುದಿ ಒಳಕ್ಕೆ ಬಾಗಿದೆ. ಹದಿನೆಂಟಕ್ಕೆ ಕೂದಲೆಳೆಯಂಥ ತೊಟ್ಟು. ಕೊನೆಗೆ ನಡುವಿನದು ಉಳೀತು. ಅಮ್ಮ ಚಿವುಟೋಕೆ ಹೋದರು, ಹಿಡಿಯೋಕೆ ಏನೂ ಸಿಗಲಿಲ್ಲ. "ಇದಕ್ಕೆ ತೊಟ್ಟೇ ಇಲ್ವಲ್ಲೇ. ಸುಮ್ನೆ ಕೂತಿದೆ" ಅಂದರು.

ಇನ್ನೂ ಮೂರು ಕೊಡೆ ನೋಡಿದೆವು. ಮೂರರಲ್ಲೂ ಹಾಗೇ.

ಹುಲ್ಲುಗಾವಲು | ಮೇ 24, ರಾತ್ರಿ

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ನಾನು ಎಂಟು ವರ್ಷದಲ್ಲಿ ಒಂದು ಸಲವೂ ಹೀಗೆ ಎಣಿಸಿ ಇಟ್ಟಿಲ್ಲ.

ಇದು ಗೋಲ್ಡನ್ ಅಲೆಕ್ಸಾಂಡರ್ಸ್. ಶಾಸ್ತ್ರೀಯ ಹೆಸರು ಜಿಜಿಯಾ ಆರಿಯಾ. ಆರಿಯಾ ಅಂದರೆ ಬಂಗಾರದ ಬಣ್ಣ. ಜಿಜಿಯಾ ಅನ್ನೋದು ಯೊಹಾನ್ ಬ್ಯಾಪ್ಟಿಸ್ಟ್ ಜಿಜ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞರ ನೆನಪಿಗೆ. ಗಿಡಗಳಿಗೆ ಶಾಸ್ತ್ರೀಯ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1753ರಲ್ಲಿ ಇದಕ್ಕೆ ಹೆಸರಿಟ್ಟಾಗ ಯೂರೋಪಿನ ಅಲೆಕ್ಸಾಂಡರ್ಸ್ ಗಿಡದ ಕುಲಕ್ಕೆ, ಸ್ಮಿರ್ನಿಯಂಗೆ ಸೇರಿಸಿದ್ದರು. ಕುಲದ ಹೆಸರು ಬದಲಾಯ್ತು, ಜನ ಕರೆಯುವ ಹೆಸರಿನಲ್ಲಿ ಅಲೆಕ್ಸಾಂಡರ್ಸ್ ಹಾಗೇ ಇದೆ.

ಇದು ಇಲ್ಲಿಯದೇ ಮಣ್ಣಿನ ಗಿಡ. ಕೆನಡಾದಿಂದ ಟೆಕ್ಸಾಸ್, ಫ್ಲಾರಿಡಾವರೆಗೆ ಅಮೆರಿಕದ ಪೂರ್ವದ ಅರ್ಧದಲ್ಲಿ ಸಿಗುತ್ತದೆ. ತೇವ ಇರುವ ಪ್ರೈರಿ, ಹೊಳೆದಂಡೆ, ತೆರೆದ ಕಾಡು, ರಸ್ತೆ ಬದಿ. ಒಂದೇ ಗಿಡ ವರ್ಷ ವರ್ಷ ಚಿಗುರುತ್ತದೆ. ಪಾರ್ಸ್ನಿಪ್ ಹಾಗಲ್ಲ. ಯೂರೋಪಿನಿಂದ ವಲಸೆ ಬಂದವರು ಗೆಡ್ಡೆಗಾಗಿ ತಂದದ್ದು, ತೋಟ ಬಿಟ್ಟು ಹೊರಗೆ ಹೋಯ್ತು. ಮೊದಲ ವರ್ಷ ನೆಲಕ್ಕೆ ಅಂಟಿದ ಎಲೆ, ಮುಂದೊಂದು ವರ್ಷ ಹೂ, ಬೀಜ ಚೆಲ್ಲಿ ಸಾಯುತ್ತದೆ.

ನಡುವಿನ ಹೂ ಯಾಕೆ ಕೇಳಿದೆ ಅಂದರೆ, ಇದನ್ನೇ ಹೋಲುವ ಮೂರನೆಯದೊಂದಿದೆ. ಥಾಸ್ಪಿಯಂ, ಮೆಡೋ ಪಾರ್ಸ್ನಿಪ್ ಅನ್ನುತ್ತಾರೆ. ಅದೂ ಇಲ್ಲಿಯದೇ ಗಿಡ, ಎಲೆ ಎತ್ತರ ಬಣ್ಣ ಎಲ್ಲ ಮೋಸ ಮಾಡುತ್ತೆ. ಅದರಲ್ಲಿ ನಡುವಿನ ಹೂವಿಗೂ ತೊಟ್ಟು ಇರುತ್ತೆ. ಜಿಜಿಯಾದಲ್ಲಿ ಇರೋದಿಲ್ಲ. ಕಾಯಿ ಕಟ್ಟಿದ ಮೇಲೆ ಇನ್ನೂ ಸುಲಭ. ಥಾಸ್ಪಿಯಂ ಕಾಯಿಗೆ ತೆಳು ರೆಕ್ಕೆ, ಜಿಜಿಯಾಗೆ ಬರೀ ಏಣು. ಜಿಜಿಯಾದಲ್ಲೇ ಇನ್ನೊಂದು, ಜಿಜಿಯಾ ಆಪ್ಟೆರಾ, ಅದರ ಬುಡದ ಎಲೆ ವೀಳ್ಯದೆಲೆ ತರ ಒಂದೇ ಹೃದಯಾಕಾರ. ನಿಮ್ಮದು ಮೂರು ಮೂರು, ಹಾಗಾಗಿ ಆರಿಯಾ.

ಇನ್ನು ಆ ಜಾಗದ ಬಗ್ಗೆ ಹೇಳದೆ ಇರೋಕಾಗಲ್ಲ. ಇಲಿನಾಯ್ಸ್‌ಗೆ ಪ್ರೈರಿ ಸ್ಟೇಟ್ ಅಂತ ಅಡ್ಡಹೆಸರು. ಒಂದು ಕಾಲಕ್ಕೆ ಸುಮಾರು 2.2 ಕೋಟಿ ಎಕರೆ ಹುಲ್ಲುಗಾವಲು ಇತ್ತು. 1837ರಲ್ಲಿ ಇದೇ ರಾಜ್ಯದ ಗ್ರ್ಯಾಂಡ್ ಡಿಟೂರ್ ಊರಿನಲ್ಲಿ ಜಾನ್ ಡಿಯರ್ ಉಕ್ಕಿನ ನೇಗಿಲು ಮಾಡಿದರು. ಅಂಟುವ ಕಪ್ಪು ಮಣ್ಣು ನೇಗಿಲಿಗೆ ಮೆತ್ತದೆ ಮಗುಚಿಕೊಳ್ಳತೊಡಗಿತು. ತಗ್ಗಿನ ತೇವದ ಪ್ರೈರಿಗೆ ನೆಲದಡಿ ಜೇಡಿಮಣ್ಣಿನ ಕೊಳವೆ ಹೂತು ನೀರು ಬಸಿದರು. ಎಲ್ಲ ಮುಸುಕಿನ ಜೋಳ, ಸೋಯಾ ಆಯ್ತು. ಈಗ ಹಾಳಾಗದೆ ಉಳಿದಿರುವ ಮೂಲ ಪ್ರೈರಿ ಶೇಕಡಾ 0.01ರ ಆಸುಪಾಸು. ಅದೂ ಎಲ್ಲಿ? ನೇಗಿಲು ಹೋಗದ ಕಡೆ. ಹಳೆಯ ಸ್ಮಶಾನದ ಮೂಲೆ, ರೈಲುಹಳಿಯ ಬದಿ, ರಸ್ತೆಯ ಚರಂಡಿ ದಂಡೆ. ರಾಬರ್ಟ್ ಬೆಟ್ಜ್ ಅನ್ನುವ ಪ್ರೊಫೆಸರ್ ಸ್ಮಶಾನ ಸ್ಮಶಾನ ಅಲೆದು ಇಂಥ ತುಣುಕುಗಳನ್ನು ಹುಡುಕಿದರು. 1975ರಲ್ಲಿ ಬಟೇವಿಯಾದ ಫರ್ಮಿಲ್ಯಾಬ್ ಅನ್ನುವ ಭೌತಶಾಸ್ತ್ರ ಪ್ರಯೋಗಾಲಯದ ಜಾಗದಲ್ಲಿ ಪ್ರೈರಿ ಬೀಜ ಬಿತ್ತಿಸಿದವರೂ ಅವರೇ.

ನೀವು ನಡೆಯುವ ಪ್ರೈರಿ ಪಾತ್ ಮೊದಲು ರೈಲುದಾರಿಯಾಗಿತ್ತು. 1957ರಲ್ಲಿ ಪ್ರಯಾಣಿಕರ ರೈಲು ನಿಂತಿತು. 1963ರಲ್ಲಿ ಮೇ ಥೀಲ್ಗಾರ್ಡ್ ವಾಟ್ಸ್ ಎಂಬ ನಿಸರ್ಗ ಶಿಕ್ಷಕಿ, ಇದನ್ನು ನಡಿಗೆ ದಾರಿ ಮಾಡಿ ಅಂತ ಪತ್ರಿಕೆಗೆ ಒಂದು ಪತ್ರ ಬರೆದರು. ನಿಮ್ಮ ಅಮ್ಮ ಅಲ್ಲಿ ಹೂ ಎಣಿಸಿದ್ದು ಆ ಪತ್ರದಿಂದ.

ಸೊಪ್ಪುಸಾರು | ಮೇ 25, ಬೆಳಗ್ಗೆ

ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. "ಶೇಕಡಾ 0.01 ಅಂದರೆ ಎಷ್ಟು" ಅಂತ ಕೇಳಿದರು. ಹತ್ತು ಸಾವಿರ ಎಕರೆಗೆ ಒಂದು ಎಕರೆ ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನಾನು ಮುರೀಬಾರದಿತ್ತು" ಅಂದರು.

ಹುಲ್ಲುಗಾವಲು | ಮೇ 25, ಬೆಳಗ್ಗೆ

ಅವರು ಬೇಸರ ಮಾಡಿಕೊಳ್ಳೋದು ಬೇಡ. ಬೇರು ಇದ್ದರೆ ಮತ್ತೆ ಬರುತ್ತೆ. ಫಾರೆಸ್ಟ್ ಪ್ರಿಸರ್ವ್ (ಸರ್ಕಾರ ಕಾಯ್ದಿಟ್ಟ ಕಾಡು, ಹುಲ್ಲುಗಾವಲು) ಒಳಗೆ ಮಾತ್ರ ಏನನ್ನೂ ಕೀಳುವ ಹಾಗಿಲ್ಲ, ಅದೊಂದು ಗಮನದಲ್ಲಿರಲಿ.

ಅಂಗಳದಮಲ್ಲಿಗೆ | ಮೇ 26, ಸಂಜೆ

ಮಿನ್ನೆಸೋಟಾದಿಂದ. ನನ್ನ ಅಂಗಳದಲ್ಲಿ ಇದು ಆರು ವರ್ಷದಿಂದ ಇದೆ. ಮನೆಯ ಮಾಳಿಗೆ ನೀರು ಬೀಳುವ ತಗ್ಗಿನಲ್ಲಿ ಹಾಕಿದ್ದೇನೆ. ವಸಂತದಲ್ಲಿ ಬೇರೆ ಹೂ ಬರುವ ಮೊದಲೇ ಇದು ಅರಳುತ್ತೆ, ಅದಕ್ಕೆ ಪುಟ್ಟ ಪುಟ್ಟ ಜೇನ್ನೊಣ, ನೊಣ ಎಲ್ಲ ಇದಕ್ಕೇ ಬರುತ್ತವೆ. ಒಂದು ಸಣ್ಣ ಮಣ್ಣುಜೇನು ಇದೆ, ಆಂಡ್ರೀನಾ ಜಿಜಿಯೇ ಅಂತ. ಹೆಸರಲ್ಲೇ ಗಿಡ ಇದೆ ನೋಡಿ. ಮರಿಗಳಿಗೆ ಈ ಹೂವಿನ ಪರಾಗವನ್ನೇ ಕೂಡಿಡುತ್ತೆ.

ನನಗೆ ಜಾಸ್ತಿ ಇಷ್ಟ ಚಿಟ್ಟೆ. ಬ್ಲ್ಯಾಕ್ ಸ್ವಾಲೋಟೇಲ್ ಇದರ ಮೇಲೆ ಮೊಟ್ಟೆ ಇಡುತ್ತೆ. ಊರಲ್ಲಿ ಕರಿಬೇವು, ನಿಂಬೆ ಗಿಡದ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಒಂದು ಹುಳು ಕೂತಿರುತ್ತಲ್ಲ, ಆಮೇಲೆ ಹಸಿರಾಗುತ್ತಲ್ಲ, ಅದೇ ವಂಶ, ಎರಡೂ ಪೆಪಿಲಿಯೋ. ಇಲ್ಲಿಯದೂ ಮೊದಲು ಕಪ್ಪು, ಬೆನ್ನ ಮೇಲೆ ಬಿಳಿ ಪಟ್ಟಿ. ದೊಡ್ಡದಾದ ಮೇಲೆ ಹಸಿರು, ಕಪ್ಪು ಗೆರೆ, ಗೆರೆಯ ಮೇಲೆ ಹಳದಿ ಚುಕ್ಕಿ. ಬೆರಳಿನಿಂದ ತಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಎರಡು ಕೊಂಬು ಹೊರಗೆ ಬರುತ್ತೆ, ಕೆಟ್ಟ ವಾಸನೆ. ಚಿಕ್ಕವಳಿದ್ದಾಗ ಕರಿಬೇವಿನ ಹುಳದ ಕೊಂಬು ನೋಡೋಕೆ ಅಂತಲೇ ತಟ್ಟುತ್ತಿದ್ದೆ. ಮೂವತ್ತು ವರ್ಷ ಆದ ಮೇಲೆ ಇಲ್ಲಿ ಅದೇ ಕೊಂಬು ನೋಡಿ ಕಣ್ಣಲ್ಲಿ ನೀರು ಬಂತು.

ನೀವು ಅಂಗಳದಲ್ಲಿ ಸಬ್ಬಸಿಗೆ ಹಾಕಿದರೂ ಅದಕ್ಕೂ ಬರುತ್ತೆ. ಕೀಳಬೇಡಿ, ಒಂದೆರಡು ಗಿಡ ಅದಕ್ಕೆ ಬಿಡಿ. ಗೋಲ್ಡನ್ ಅಲೆಕ್ಸಾಂಡರ್ಸ್ ಬೀಜ ಬೇಕಿದ್ದರೆ ಆಗಸ್ಟ್‌ನಲ್ಲಿ ಕಳಿಸುತ್ತೇನೆ.

ತುಂಗಾತೀರ | ಮೇ 27, ಬೆಳಗ್ಗೆ

ಬೀಜ ಊರಿಗೆ ತಂದು ಹಾಕಿದರೆ ಬರುತ್ತಾ? ಚಿಕ್ಕಮಗಳೂರಿನ ಕಡೆ ನಮಗೂ ತೇವದ ಹುಲ್ಲುಗಾವಲು ಇದೆ.

ನಿವೃತ್ತಮೇಷ್ಟ್ರು | ಮೇ 27, ಬೆಳಗ್ಗೆ

ದಯವಿಟ್ಟು ತರಬೇಡಿ. ಬಾಬಾಬುಡನ್, ಕುದುರೆಮುಖದ ಶೋಲಾ ಹುಲ್ಲುಗಾವಲಿಗೆ ಅದರದೇ ಹೂಗಳಿವೆ. ಪಾರ್ಸ್ನಿಪ್ ಅನ್ನೂ ಯಾರೋ ಒಳ್ಳೆಯ ಮನಸ್ಸಿನಿಂದಲೇ ಹಡಗಿನಲ್ಲಿ ತಂದಿದ್ದರು. ಲಂಟಾನ ನಮ್ಮ ಕಾಡಿಗೆ ಬಂದದ್ದು ತೋಟದ ಚೆಂದದ ಹೂವಾಗಿ. ಒಂದೆಲಗ ಗದ್ದೆ ಬದುವಿನಲ್ಲಿ ಬೆಳೆದಿರುತ್ತದೆ, ಅದನ್ನು ಉಳಿಸಿಕೊಳ್ಳಿ.

ತುಂಗಾತೀರ | ಮೇ 27, ಮಧ್ಯಾಹ್ನ

ಸರಿ ಮೇಷ್ಟ್ರೇ. ಲಂಟಾನ ಅಂದ ಕೂಡಲೇ ಅರ್ಥ ಆಯ್ತು.

ಸೊಪ್ಪುಸಾರು | ಜುಲೈ 6, ರಾತ್ರಿ

ಅದೇ ಕಾಲುವೆ, ಅದೇ ದಂಡೆ, ನೂರು ಹೆಜ್ಜೆ ಮುಂದೆ. ಹೊಸ ಫೋಟೋ ನೋಡಿ. ನನ್ನ ಭುಜದ ಹತ್ತಿರಕ್ಕೆ ಬರುತ್ತೆ. ಕಾಂಡದ ಮೇಲೆ ಗೆರೆ ದೂರದಿಂದಲೇ ಕಾಣುತ್ತೆ. ಹೂವಿನ ಕೊಡೆ ಅಂಗೈಯಷ್ಟು ಅಗಲ, ಚಪ್ಪಟೆ. ಎಲೆ ಕರಿಬೇವು, ಒಂದು ಕಡ್ಡಿಗೆ ಹನ್ನೊಂದು. ಈ ಸಲ ಅಮ್ಮನೇ ನನ್ನ ಕೈ ಹಿಡಿದು ನಿಲ್ಲಿಸಿದರು.

ಮೇ ತಿಂಗಳ ನಮ್ಮ ಗಿಡಗಳು ಅಲ್ಲೇ ಇವೆ, ಹೂ ಮುಗಿದು ಹಸಿರು ಕಾಯಿ. ಅದರಲ್ಲೂ ನಡುವಿನ ಕಾಯಿಗೆ ತೊಟ್ಟಿಲ್ಲ, ಅಮ್ಮ ತೋರಿಸಿದರು. ಎರಡೂ ಎದುರಿಗಿದ್ದಾಗ ಇವನ್ನು ಒಂದೇ ಅಂದುಕೊಳ್ಳೋದು ಹೇಗೆ ಅನ್ನಿಸುತ್ತೆ. ಆದರೆ ಮೇ 22ರಂದು ನನಗೆ ಏನೂ ಗೊತ್ತಿರಲಿಲ್ಲ.

ಒಂದು ಬೇಸರದ ವಿಷಯ. ದಾರಿಯ ಇನ್ನೊಂದು ಕಡೆ ಯಾರೋ ಯಂತ್ರ ಹಾಕಿ ಎಲ್ಲ ಒಟ್ಟಿಗೆ ಕತ್ತರಿಸಿದ್ದಾರೆ. ಪಾರ್ಸ್ನಿಪ್ಪೂ ಹೋಯ್ತು, ಅಲೆಕ್ಸಾಂಡರ್ಸ್ ಕಾಯಿಯೂ ಹೋಯ್ತು.

ಹುಲ್ಲುಗಾವಲು | ಜುಲೈ 7, ಬೆಳಗ್ಗೆ

ಇದು ಪಾರ್ಸ್ನಿಪ್, ಅನುಮಾನವೇ ಇಲ್ಲ. ದಾರಿ ನೋಡಿಕೊಳ್ಳುವವರಿಗೆ ಜಾಗದ ಗುರುತು ಕಳಿಸಿ. ಮೇಲೆ ಮೇಲೆ ಕತ್ತರಿಸಿದರೆ ಅದು ಬುಡದಿಂದ ಮತ್ತೆ ಹೂ ಬಿಡುತ್ತೆ. ಕಾಯಿ ಬಲಿತ ಮೇಲೆ ಕತ್ತರಿಸಿದರೆ ಯಂತ್ರವೇ ಬೀಜ ಹಂಚಿಕೊಂಡು ಹೋಗುತ್ತೆ. ನಾವು ಮಾಡೋದು ಹೀಗೆ: ಬೀಜ ಕಟ್ಟುವ ಮೊದಲು, ಮೋಡದ ದಿನ ಅಥವಾ ಸಂಜೆ, ಕೈಗವಸು ತುಂಬುತೋಳು ಹಾಕಿಕೊಂಡು, ಚೂಪು ಗುದ್ದಲಿಯಿಂದ ಮಣ್ಣಿನೊಳಗೆ ಒಂದೆರಡು ಇಂಚು ಕೆಳಗೆ ಬೇರು ಕತ್ತರಿಸುತ್ತೇವೆ. ಅಷ್ಟಾದರೆ ಆ ಗಿಡ ಮತ್ತೆ ಏಳೋದಿಲ್ಲ. ಮಣ್ಣಿನಲ್ಲಿ ಹಳೆಯ ಬೀಜ ಇರುತ್ತೆ, ಹಾಗಾಗಿ ನಾಲ್ಕೈದು ವರ್ಷ ಅದೇ ಜಾಗಕ್ಕೆ ಹೋಗುತ್ತಿರಬೇಕು.

ಹಿತ್ತಲಗಿಡ | ಜುಲೈ 7, ಮಧ್ಯಾಹ್ನ

ನಮ್ಮ ಬೇಲಿ ಪಕ್ಕ ಈ ವರ್ಷ ಹೀಗೇ ಮಾಡಿದೆ. ಸಂಜೆ ಏಳೂವರೆಗೆ, ಗುದ್ದಲಿ ಹಿಡಿದು. ನಲವತ್ತಮೂರು ಗಿಡ. ಒಂದು ಗುಳ್ಳೆಯೂ ಇಲ್ಲ. ಕೀಳುವಾಗ ಪ್ರತಿಯೊಂದರ ಎಲೆ ನೋಡಿದೆ. ಬೇಲಿ ಮೂಲೆಯಲ್ಲಿ ಎರಡು ಬಿಲ್ವ ಸಿಕ್ಕವು, ಬಿಟ್ಟಿದ್ದೇನೆ. ಹೋದ ವರ್ಷ ಟ್ರಿಮ್ಮರ್‌ನಲ್ಲಿ ಅವನ್ನೂ ಹೊಡೆದಿರಬೇಕು.

ಸೊಪ್ಪುಸಾರು | ನವೆಂಬರ್ 9, ಸಂಜೆ

ಅಂಗಳದಮಲ್ಲಿಗೆ ಅವರ ಲಕೋಟೆ ಬಂದು ಎರಡು ತಿಂಗಳಾಗಿತ್ತು, ಇವತ್ತು ಬಿತ್ತಿದೆ. ಬೀಜ ಸೋಂಪಿನ ಕಾಳಿನ ಅರ್ಧದಷ್ಟಿದೆ, ಕಂದು ಬಣ್ಣ, ಮೇಲೆ ಏಣು. ಮೂಸಿದೆ, ತಿನ್ನಲಿಲ್ಲ. ಅಮ್ಮ ಸೆಪ್ಟೆಂಬರಿನಲ್ಲೇ ಹಾಸನಕ್ಕೆ ಹೋದರು. ಹೋಗುವ ಮೊದಲು ಜಾಗ ಅವರೇ ತೋರಿಸಿದ್ದರು, ಹಿತ್ತಲಿನಲ್ಲಿ ಮಳೆನೀರು ಹರಿದು ನಿಲ್ಲುವ ಮೂಲೆ.

ಅಂಗಳದಮಲ್ಲಿಗೆ | ನವೆಂಬರ್ 9, ರಾತ್ರಿ

ಸರಿಯಾದ ಹೊತ್ತಿಗೆ ಬಿತ್ತಿದ್ದೀರಿ. ಈ ಬೀಜಕ್ಕೆ ಎರಡು ತಿಂಗಳಾದರೂ ಒದ್ದೆ ಮಣ್ಣಿನ ಚಳಿ ತಾಗಲೇಬೇಕು, ಇಲ್ಲದಿದ್ದರೆ ಮೊಳೆಯೋದಿಲ್ಲ. ಹಿಮದ ಕೆಳಗೆ ಬಿಟ್ಟುಬಿಡಿ. ಮೊದಲ ವರ್ಷ ಹೂ ನಿರೀಕ್ಷೆ ಮಾಡಬೇಡಿ, ಎಲೆ ಮಾತ್ರ.

ಸೊಪ್ಪುಸಾರು | ಮೇ 30, ಸಂಜೆ

ಹನ್ನೆರಡು ಮೊಳಕೆ ಬಂದಿವೆ! ಆದರೆ ನನಗೊಂದು ಆತಂಕ. ಆ ಮೂಲೆಯ ಆಚೆ ಕಾಲುವೆ, ಅಲ್ಲಿಂದ ಪಾರ್ಸ್ನಿಪ್ ಬೀಜ ಹಾರಿ ಬಂದಿರಬಹುದಲ್ವಾ? ಎಲೆ ಇನ್ನೂ ಹೆಬ್ಬೆರಳ ಉಗುರಿನಷ್ಟು. ಎಲ್ಲ ಒಂದೇ ತರ ಕಾಣುತ್ತೆ. ಅಮ್ಮ ದಿನಾ ವೀಡಿಯೋ ಕರೆಯಲ್ಲಿ ತೋರಿಸು ಅಂತಾರೆ.

ಹುಲ್ಲುಗಾವಲು | ಮೇ 30, ರಾತ್ರಿ

ಮೊದಮೊದಲ ಎಲೆ ನೋಡಿ ನಾನೂ ಹೇಳಲಾರೆ. ಯಾವುದನ್ನೂ ಕೀಳಬೇಡಿ, ಬರಿಗೈಲಿ ಮುಟ್ಟಬೇಡಿ. ಜುಲೈವರೆಗೆ ಕಾಯಿರಿ. ಎಲೆ ಒಡೆದ ಮೇಲೆ ಎಣಿಸಿ.

ಸೊಪ್ಪುಸಾರು | ಜುಲೈ 12, ಬೆಳಗ್ಗೆ

ಎಣಿಸಿದೆವು. ನಾನು ಇಲ್ಲಿ ಫೋನ್ ಹಿಡಿದು ಬಗ್ಗಿದ್ದೆ, ಅಮ್ಮ ಅಲ್ಲಿಂದ ಹೇಳುತ್ತಿದ್ದರು. ಹನ್ನೊಂದು ಬಿಲ್ವ. ಮೂಲೆಯ ಒಂದು ಮಾತ್ರ ಕರಿಬೇವು, ಏಳು ಎಲೆ. ಅದನ್ನು ಇವತ್ತು ಸಂಜೆ ಬಿಸಿಲು ಹೋದ ಮೇಲೆ ಗುದ್ದಲಿಯಿಂದ ತೆಗೆಯುತ್ತೇನೆ.